ಹದಿನಾಲ್ಕನೇ ಜಾಗಕ್ಕೆ ಅರ್ಹರು

ಜಾಗ ೧೪, ಹೆರನ್ ಕೊಲ್ಲಿ ಮಿಲಿಟರಿ ಕ್ಯಾಂಪ್, ಫ್ಲಾರಿಡಾ
೬ ಫೆಬ್ರವರಿ ೨೦೨೩

ನಡೀನ್,

‘ಕೊನೆಯ ದೀಪ ಆರಿಸಿದವರದೇ ಆ ಮನೆ.’ ಅಮ್ಮ ಹಿಟ್ಟು ನಾದುತ್ತ ಗುನುಗುತ್ತಿದ್ದ ಸಾಲು. ಅಥವಾ ನನಗೆ ಹಾಗೆ ನೆನಪು. ಆರಿಸಿದವರದೋ, ಹಚ್ಚಿದವರದೋ? ಹತ್ತು ವರ್ಷ ಕಾಲೇಜಿನಲ್ಲಿ ಕವಿತೆ ಪಾಠ ಮಾಡಿದವಳಿಗೆ ಸ್ವಂತ ತಾಯಿಯ ಒಂದು ಸಾಲು ನೆಟ್ಟಗೆ ನೆನಪಿಲ್ಲ. ನೆನಪಿದ್ದರೂ ಅದು ನಿಜವೇ ಎಂದು ಕೇಳಬೇಕೆನ್ನಿಸುತ್ತದೆ. ದೀಪ ಆರಿಸಿದ ಮಾತ್ರಕ್ಕೆ ಮನೆ ಯಾರಿಗಾದರೂ ದಕ್ಕುತ್ತದೆಯೇ?

ಸುತ್ತಿ ಬಳಸಿ ಬರೆಯುತ್ತಿದ್ದೇನೆ. ರಾಯ್ಸ್ ಅಣ್ಣ ಹೋಗಿಬಿಟ್ಟ. ಜನವರಿ ಹನ್ನೊಂದು, ಬೆಳಿಗ್ಗೆ. ಎದೆಯಲ್ಲಿ ಕಫ ಕಟ್ಟಿ ನಾಲ್ಕು ದಿನ ಮಲಗಿದ್ದ, ಅಷ್ಟೇ. ನಿನಗೆ ತಿಳಿಸಲು ಇಪ್ಪತ್ತಾರು ದಿನ ತೆಗೆದುಕೊಂಡೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಕೂಗಾಡುತ್ತೇವೆ, ಪತ್ರದಲ್ಲಾದರೆ ಮನುಷ್ಯರ ಹಾಗಿರುತ್ತೇವೆ ಎಂದು ನೀನೇ ಒಮ್ಮೆ ಬರೆದಿದ್ದೆ.

ಕ್ಯಾಂಪಿನ ಪ್ರಾರ್ಥನಾ ಮಂದಿರದಲ್ಲಿ ಹನ್ನೊಂದು ಜನ ಸೇರಿದ್ದರು. ಬೂದಿಯನ್ನು ನಮ್ಮ ಟ್ರೈಲರ್ ಮನೆಯ ಮುಂದೆ ಕೊಲ್ಲಿಯ ನೀರಿಗೆ ಬಿಟ್ಟೆ. ಅದಕ್ಕೆ ಅನುಮತಿ ಇಲ್ಲ; ಪಕ್ಕದ ಜಾಗದ ಹಾಲ್ವರ್ಸನ್ ಬೆನ್ನು ತಿರುಗಿಸಿ ನಿಂತು ಗಾಳ ಹಾಕುವ ನಟನೆ ಮಾಡಿದರು. ನೌಕಾಪಡೆಯಿಂದ ನಿವೃತ್ತರಾದ ಮುದುಕರು, ಕಿವಿ ಮಂದ. ಚಳಿಗಾಲ ಕಳೆಯಲು ಮಿನ್ನೆಸೋಟಾದಿಂದ ಟ್ರೈಲರ್ ಎಳೆದುಕೊಂಡು ನವೆಂಬರಿನಲ್ಲಿ ಬಂದವರು. ಸಂಜೆ ಐದಕ್ಕೆ ಧ್ವಜ ಇಳಿಸುವ ಕಹಳೆ ಕೇಳಿದರೆ ಇಲ್ಲಿ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ಕಾರುಗಳೂ ನಿಲ್ಲುತ್ತವೆ. ಕಣ್ಣು ಪೂರ್ತಿ ಮಂಜಾದ ಮೇಲೂ ರಾಯ್ಸ್ ಕಹಳೆಯ ಕಡೆಗೆ ಮುಖ ಮಾಡಿ ಎದ್ದು ನಿಲ್ಲುತ್ತಿದ್ದ. ಒಂದು ಮೊಣಕೈ ನಾನು ಹಿಡಿದರೆ ಇನ್ನೊಂದನ್ನು ಹಾಲ್ವರ್ಸನ್ ಹಿಡಿಯುತ್ತಿದ್ದರು.

ನೋವೇನೂ ಇರಲಿಲ್ಲ. ಅವನು ಯಾರನ್ನೂ ಕೇಳಲಿಲ್ಲ.

ಲಿನೆಟ್


ಮಾಂಟಾನಾ
೧೯ ಫೆಬ್ರವರಿ

ಲಿನೆಟ್,

ನಿನ್ನ ಪತ್ರ ಅಂಚೆ ಡಬ್ಬಿಯಲ್ಲಿ ಮಂಜು ಹಿಡಿದು ಅಂಟಿಕೊಂಡಿತ್ತು. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಬಿಡಿಸಿದೆ. ಬಿಡಿಸಿ ಓದಿದ್ದು ಇದು.

ಇಪ್ಪತ್ತಾರು ದಿನ! ನಾನು ಬಂದುಬಿಡುತ್ತೇನೆ ಎಂದು ಹೆದರಿದೆಯಾ? ಹನ್ನೊಂದರ ಜೊತೆ ಹನ್ನೆರಡನೆಯವಳಾಗಿ ಹಿಂದಿನ ಸಾಲಿನಲ್ಲಿ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ತಲೆಗೆ ಪೆಟ್ಟು ಬಿದ್ದು ಅವನು ಯುದ್ಧದಿಂದ ವಾಪಸು ಬಂದಾಗಿನಿಂದ ಏಳು ವರ್ಷ ನಾನೂ ಅವನಿಗೆ ಉಣ್ಣಿಸಿದ್ದೇನೆ. ಒಂದು ರಾತ್ರಿ ನನ್ನನ್ನು ಇನ್ಯಾರೋ ಅಂದುಕೊಂಡು ಕುತ್ತಿಗೆ ಹಿಡಿದ. ಮರುದಿನ ಫೋನ್ ಮಾಡಿದ್ದು ನಿನಗೇ. ‘ನೀನು ಹೋಗು, ನಾನಿದ್ದೀನಿ’ ಅಂದವಳು ನೀನೇ. ಹೋದೆ. ಹೋದವಳು ಅಂತ ಒಂಬತ್ತು ವರ್ಷ ಅನ್ನಿಸಿಕೊಂಡೆ.

ಎರಡು ಪ್ರಶ್ನೆ. ಮಂದಿರದಲ್ಲಿ ಮಡಿಸಿದ ಧ್ವಜ ಕೊಟ್ಟರಾ? ಅದು ಹೆಂಡತಿಯ ಕೈಗೆ ಕೊಡುವುದು ಪದ್ಧತಿ. ಯಾರ ಕೈಗೆ ಕೊಟ್ಟರು?

ಎರಡನೆಯದು. ವಿಚ್ಛೇದನದ ಕಾಗದ ಮೂರು ಸಲ ಕಳಿಸಿದೆ. ಅವನ ಪರವಾಗಿ ಸಹಿ ಮಾಡುವ ಅಧಿಕಾರ ಕೋರ್ಟು ನಿನಗೆ ಕೊಟ್ಟಿತ್ತು. ಒಂದೂ ವಾಪಸು ಬರಲಿಲ್ಲ. ಎಲ್ಲಿ ಹೋದವು?

ನಿಮ್ಮಮ್ಮನ ಸಾಲು ‘ಹಚ್ಚಿದವರದೇ’. ಮದುವೆಯ ದಿನ ನನ್ನ ಕೈಗೆ ಆ ಹಿತ್ತಾಳೆ ಲಾಟೀನು ಕೊಟ್ಟು ಹಾಗೆ ಹೇಳಿದ್ದರು. ಅದು ಈಗಲೂ ನಿನ್ನ ಟ್ರೈಲರಿನಲ್ಲೇ ತೂಗುತ್ತಿರಬೇಕು.

ನಡೀನ್


ಜಾಗ ೧೪
೩ ಮಾರ್ಚ್

ನಡೀನ್,

ಧ್ವಜ ನನ್ನ ಕೈಗೆ ಕೊಟ್ಟರು. ಆ ಸೈನಿಕನಿಗೆ ಇಪ್ಪತ್ತು ವಯಸ್ಸಿರಬೇಕು, ಮಂಡಿಯೂರಿ, ‘ನಿಮ್ಮ ಪ್ರಿಯರ ಸೇವೆಗೆ ಕೃತಜ್ಞತೆಯಾಗಿ’ ಅಂದ. ನಾನು ತಂಗಿ ಎಂದು ಹೇಳಬೇಕಿತ್ತು. ಕೈ ಚಾಚಿದೆ.

ಕಾಗದಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ, ಮೂರೂ. ‘ಸಹಿ ಮಾಡಿದರೆ ನಡೀನ್‌ಗೆ ಸಿಗುತ್ತಿರುವ ಮಿಲಿಟರಿ ಆಸ್ಪತ್ರೆಯ ಸೌಲಭ್ಯ ತಪ್ಪುತ್ತದೆ’ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧವನ್ನು ಇನ್ನೊಂದು ದಿನ ಬರೆಯುತ್ತೇನೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಹಿಂದಿನ ಪತ್ರದಲ್ಲಿ ಇದನ್ನು ಮುಚ್ಚಿಟ್ಟಿದ್ದೆ. ಈ ಜಾಗದಲ್ಲಿ ನಾನು ಇರಬಹುದಾದದ್ದು ಏಪ್ರಿಲ್ ಹನ್ನೊಂದರವರೆಗೆ ಮಾತ್ರ. ದಾಖಲೆಯಲ್ಲಿ ರಾಯ್ಸ್ ಪರ್ವಿಸ್ ನೂರಕ್ಕೆ ನೂರು ಅಂಗವಿಕಲ ಮಾಜಿ ಸೈನಿಕ, ಅವನಿಗೆ ಹಕ್ಕಿತ್ತು. ಅವನನ್ನು ನೋಡಿಕೊಳ್ಳುವವಳೆಂದು ನನಗೊಂದು ಪತ್ರ ಕೊಟ್ಟಿದ್ದರು, ಗೇಟಿನಲ್ಲಿ ಅದನ್ನು ತೋರಿಸುತ್ತಿದ್ದೆ. ಅವನು ಸತ್ತ ದಿನದಿಂದ ತೊಂಬತ್ತು ದಿನಕ್ಕೆ ಆ ಪತ್ರ ಬರೀ ಕಾಗದ.

ಆಫೀಸಿನ ಮಿಸ್ ವಿಲೆಟ್ ಒಳ್ಳೆಯ ಹೆಂಗಸು. ಕನ್ನಡಕ ಏರಿಸಿಕೊಂಡು ಅರ್ಹರ ಪಟ್ಟಿಯನ್ನು ನನ್ನ ಮುಂದೆಯೇ ಬೆರಳಿಟ್ಟು ಓದಿದಳು.

‘ನೋಡಮ್ಮಾ, ಹಾಲಿ ಸೈನಿಕರು, ನಿವೃತ್ತರು, ಮೀಸಲು ಪಡೆಯವರು, ಪೂರ್ತಿ ಅಂಗವಿಕಲರಾದೋರು, ಇವರ ಗಂಡ ಹೆಂಡ್ತಿ ಮಕ್ಕಳು, ಮರುಮದುವೆ ಆಗದ ವಿಧವೆ... ಅಕ್ಕ-ತಂಗಿ ಅನ್ನೋ ಗೆರೆನೇ ಇಲ್ಲ. ಮೂರು ಸಲ ಹುಡುಕ್ದೆ.’

‘ಆರೈಕೆ ಮಾಡುವವರು ಅಂತ ಇದೆಯಲ್ಲ, ವಿಲೆಟ್?’

‘ಇದೆ. ಆದ್ರೆ ಆರೈಕೆ ಮಾಡ್ತಾ ಇರ್ಬೇಕು. ನೀನೀಗ ಯಾರಿಗೆ ಮಾಡ್ತೀಯಾ, ಹೇಳು. ನನಗೇನಾದ್ರೂ ಮಾಡ್ತೀಯಾ? ಮಂಡಿ ನೋವಿದೆ, ಬೇಕಾದ್ರೆ ಬಾ.’ ನಕ್ಕಳು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತಳು.

ಹೊರಗೆಲ್ಲಾದರೂ ಹೋಗಬಹುದಲ್ಲ ಎನ್ನುತ್ತೀಯ. ಖಾಸಗಿ ಟ್ರೈಲರ್ ಪಾರ್ಕುಗಳಿಗೆ ಫೋನ್ ಮಾಡಿದೆ, ಒಂಬತ್ತು ಕಡೆ. ಮೊದಲ ಪ್ರಶ್ನೆ, ನಿಮ್ಮ ಟ್ರೈಲರ್ ಎಷ್ಟು ಹಳೆಯದು? ಹತ್ತು ವರ್ಷ ದಾಟಿದ್ದನ್ನು ಅವರು ಒಳಗೆ ಬಿಡುವುದಿಲ್ಲ, ಪಾರ್ಕಿನ ಅಂದ ಕೆಡುತ್ತದಂತೆ. ನಮ್ಮದಕ್ಕೆ ಹತ್ತೊಂಬತ್ತು. ಸರ್ಕಾರಿ ಕಾಡಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ಬಿಡುವುದಿಲ್ಲ. ಇಲ್ಲಿಯೂ ಆರು ತಿಂಗಳಿಗೊಮ್ಮೆ ಜಾಗ ಖಾಲಿ ಮಾಡಬೇಕು. ಒಂದು ವಾರ ಹೊರಗೆ ಕಳೆದು ಎಂಟನೇ ದಿನ ಗೇಟಿನಲ್ಲಿ ಮತ್ತೆ ಸಾಲು ಹಚ್ಚುತ್ತೇವೆ, ಎಲ್ಲರೂ, ಪ್ರತಿ ಸಲ, ಹಬ್ಬಕ್ಕೆ ಊರಿಗೆ ಹೋಗಿ ಬಂದವರ ಹಾಗೆ. ಈ ಸಲ ಹೋದರೆ ಎಂಟನೇ ದಿನ ಇಲ್ಲ. ಗೇಟಿನೊಳಗೆ ಕಾಲಿಡುವುದಕ್ಕೇ ನನಗೆ ಹಕ್ಕಿಲ್ಲ. ಬೂದಿ ಬಿಟ್ಟ ನೀರನ್ನು ಬೇಲಿಯಾಚೆಯಿಂದಲೂ ನೋಡಲಾಗುವುದಿಲ್ಲ, ನಡುವೆ ವಿಮಾನದ ಓಡುದಾರಿ ಇದೆ.

ನೀನು ಅವನ ಹೆಂಡತಿ, ನಡೀನ್. ನಾನು ಸಹಿ ಮಾಡದೇ ಇದ್ದದ್ದರಿಂದ ಇನ್ನೂ ಹೆಂಡತಿ. ಒಂಬತ್ತು ವರ್ಷ ಇದ್ದವಳಿಗೆ ಪಟ್ಟಿಯಲ್ಲಿ ಗೆರೆಯಿಲ್ಲ, ಹೋದವಳಿಗಿದೆ. ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನೀನು ಬಂದು ವಿಧವೆಯ ಗುರುತುಚೀಟಿ ಮಾಡಿಸಿಕೊಂಡರೆ ಈ ಜಾಗ ನಿನ್ನ ಹೆಸರಿಗೆ ಬರುತ್ತದೆ. ನೀನಿರುವಷ್ಟು ದಿನ ನಾನು ನಿನ್ನ ಅತಿಥಿಯಾಗಿ ಇರಬಹುದು. ಚಳಿಗಾಲದ ಎರಡು ತಿಂಗಳು ಸಾಕು. ನಿನಗೆ ಆ ಹಿಮದಿಂದ ಬಿಡುವು, ನನಗೆ ಮತ್ತೆ ಒಳಗೆ ಬರುವ ದಾರಿ.

ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ. ಬಾ.

ಲಿನೆಟ್


ಮಾಂಟಾನಾ
೧೪ ಮಾರ್ಚ್

ಲಿನೆಟ್,

ನಿನ್ನ ಪತ್ರವನ್ನು ಶಾಲೆಯ ಅಡುಗೆಮನೆಯಲ್ಲಿ, ಮಕ್ಕಳ ಊಟ ಮುಗಿದ ಮೇಲೆ, ಹಿಟ್ಟಿನ ಮೂಟೆಯ ಮೇಲೆ ಕೂತು ಓದಿದೆ. ಧ್ವಜದ ವಿಷಯಕ್ಕೆ ಸಿಟ್ಟು ಬಂತು. ಕಾಗದದ ವಿಷಯಕ್ಕೆ ಸಿಟ್ಟು ಕೂಡ ಬರಲಿಲ್ಲ, ಬರೀ ಸುಸ್ತಾಯಿತು.

ಇಲ್ಲಿ ಇನ್ನೂ ಮೊಣಕಾಲುದ್ದ ಹಿಮ. ಕಣಿವೆ ದಾರಿ ಮುಚ್ಚಿದೆ. ಶಾಲೆಗೆ ರಜೆ ಬರುವುದು ಜೂನಿನಲ್ಲಿ. ನನಗೆ ಇಲ್ಲಿ ಬೇರೆ ಜವಾಬ್ದಾರಿಗಳೂ ಇವೆ.

ಟ್ರೈಲರಿನಲ್ಲಿ ಈಗಲೂ ಎರಡು ಹಾಸಿಗೆ ಇವೆಯಾ? ಕಿಟಕಿ ಪಕ್ಕದ್ದು ಯಾರದ್ದು? ಕೊಲ್ಲಿಯಲ್ಲಿ ಏಪ್ರಿಲಿನಲ್ಲಿ ಕಾಲು ಇಳಿಬಿಡುವಷ್ಟು ನೀರು ಬೆಚ್ಚಗಿರುತ್ತದೆಯಾ? ಗುರುತುಚೀಟಿಗೆ ಏನೇನು ತರಬೇಕಂತೆ?

ನೋಡೋಣ.

ನಡೀನ್


ಜಾಗ ೧೪
೨೦ ಮಾರ್ಚ್

ನಡೀನ್,

ಹಾಸಿಗೆ ಎರಡಿವೆ. ಕಿಟಕಿ ಪಕ್ಕದ್ದು ನಿನಗೆ. ಅದು ರಾಯ್ಸ್‌ನದು, ಆದರೆ ಹಾಸಿಗೆಯ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದು ಓಕ್ ಮರದ ಕೊಂಬೆಗೆ ಹಗ್ಗ ಕಟ್ಟಿ ಒಣಗಿಸಿದ್ದೇನೆ. ದಿಂಬು ಹೊಸತು. ನೀರು ಬೆಚ್ಚಗಿರುತ್ತದೆ. ಮಧ್ಯಾಹ್ನ ಪೆಲಿಕನ್ ಹಕ್ಕಿಗಳು ದೋಣಿಕಟ್ಟೆಯ ಗೂಟಗಳ ಮೇಲೆ ಒಂದೊಂದಾಗಿ ಕೂರುತ್ತವೆ, ಪಿಂಚಣಿಗೆ ಬಂದವರ ಹಾಗೆ.

ಬೇಕಾದ್ದು ಮದುವೆಯ ಪ್ರಮಾಣಪತ್ರ, ನಿನ್ನ ಚಾಲನಾ ಪರವಾನಗಿ. ಮರಣಪತ್ರ ನನ್ನ ಬಳಿ ಇದೆ. ಏಪ್ರಿಲ್ ಎಂಟಕ್ಕೆ ಬಂದರೆ ಸಾಕು ಎಂದಳು ವಿಲೆಟ್. ಶಾಲೆಯಲ್ಲಿ ಒಂದು ವಾರ ರಜೆ ಕೇಳು. ಮೊದಲ ಸಲ ಒಂದು ವಾರ ಇದ್ದು ಚೀಟಿ ಮಾಡಿಸಿಕೊಂಡು ಹೋಗು. ಆಮೇಲೆ ನೀನು ಬರುವ ತಿಂಗಳುಗಳನ್ನು ಕಾಯುವುದು ನನಗೆ ಕಷ್ಟವಲ್ಲ.

ನಿನ್ನೆ ಹಾಲ್ವರ್ಸನ್ ಹೊಗೆಯಲ್ಲಿ ಸುಟ್ಟ ಮಲೆಟ್ ಮೀನು ತಂದುಕೊಟ್ಟರು. ದಿಂಬು ನೋಡಿ, ‘ನೆಂಟ್ರು ಬರ್ತಾರಾ?’ ಅಂದರು. ‘ಹೌದು, ಮನೆಯವರು’ ಅಂದೆ. ‘ಏನು?’ ಅಂದರು. ‘ಮನೆಯವರು!’ ಎಂದು ಕೂಗಿದೆ. ಆಚೆ ಜಾಗದ ನಾಯಿ ಬೊಗಳಿತು. ಬಹಳ ದಿನದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು, ನಗು ಬಂತು.

ಲಾಟೀನು ಇಲ್ಲೇ ತೂಗುತ್ತಿದೆ. ನೀನು ಬಂದ ದಿನ ನೀನೇ ಹಚ್ಚು. ನಿನ್ನ ನೆನಪೇ ಸರಿ ಇರಬಹುದು.

ಲಿನೆಟ್

ಮರೆತೆ: ಬಸ್ಸಾದರೆ ಪೇಟೆಯ ನಿಲ್ದಾಣಕ್ಕೆ ಬಾ, ಪಿಕಪ್ ತರುತ್ತೇನೆ.


ಮಾಂಟಾನಾ
೧ ಏಪ್ರಿಲ್

ಲಿನೆಟ್,

ಮಾರ್ಚ್ ಇಪ್ಪತ್ತೈದಕ್ಕೆ ಇಲ್ಲಿಯ ಕೋರ್ಟಿನಲ್ಲಿ ಡೇಲ್ ಮತ್ತು ನಾನು ಮದುವೆಯಾದೆವು.

ಇದಕ್ಕಿಂತ ಮೆತ್ತಗೆ ಹೇಳುವ ದಾರಿ ಹುಡುಕಿ ಮೂರು ಹಾಳೆ ಹರಿದೆ. ಡೇಲ್ ಯಾರೆಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಾಲೆಯ ಬಸ್ಸು ಓಡಿಸುತ್ತಾನೆ. ಎಂಟು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಹೋದ ಅಕ್ಟೋಬರಿನಲ್ಲಿ ಅವನಿಗೆ ಎದೆನೋವು ಬಂದು ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ನಾನು ನಾಲ್ಕು ಗಂಟೆ ಕಾರು ಓಡಿಸಿ ಹೋದೆ. ಬಾಗಿಲಲ್ಲಿದ್ದ ಹೆಂಗಸು ಕೇಳಿದಳು, ‘ನೀವು ಪೇಷಂಟಿಗೆ ಏನಾಗ್ಬೇಕು?’

ಏನಾಗಬೇಕು ಲಿನೆಟ್? ಬೇರೆಯವನ ಹೆಂಡತಿ ನಾನು. ಒಂದು ಬಿಸ್ಕತ್ತಿನ ಡಬ್ಬಿಯಿಂದಾಗಿ. ಎರಡು ದಿನ ಆ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದೆ. ಆರು ವರ್ಷದಿಂದ ಮುಖ ತೋರಿಸದ ಅವನ ತಮ್ಮ ಬಂದ, ಅವನನ್ನು ಒಳಗೆ ಬಿಟ್ಟರು. ಹಾಗಾಗಿ ಪಟ್ಟಿ ಅಂದರೇನೆಂದು ನೀನು ನನಗೆ ಹೇಳಿಕೊಡಬೇಕಿಲ್ಲ.

ಅವನ ಎದೆ ಕೊಯ್ಯುವುದು ಈ ತಿಂಗಳು ಹದಿನೇಳಕ್ಕೆ. ಈ ಸಲ ಆ ಬಾಗಿಲಲ್ಲಿ ನಾನು ಹೆಂಡತಿ ಎನ್ನಬೇಕಿತ್ತು. ಅದಕ್ಕಾಗಿ ವಿಧವೆಗೆ ಸಿಗುವುದನ್ನೆಲ್ಲ ಬಿಟ್ಟುಕೊಟ್ಟೆ, ನಿನ್ನ ಜಾಗವನ್ನೂ ಸೇರಿಸಿ. ಬಿಡುತ್ತಿದ್ದೇನೆಂದು ಗೊತ್ತಿದ್ದೇ ಬಿಟ್ಟೆ.

ಹಾಸಿಗೆ ಎಷ್ಟಿವೆ ಎಂದು ಕೇಳಿದಾಗ ಕೋರ್ಟಿನ ತಾರೀಖು ಆಗಲೇ ಸಿಕ್ಕಿತ್ತು. ಮೋಸ ಮಾಡಲು ಕೇಳಿದ್ದಲ್ಲ. ಒಂದು ಸಂಜೆಯ ಮಟ್ಟಿಗೆ ಅಲ್ಲಿಗೆ ಬರುತ್ತಿರುವವಳು ಆಗಿರಬೇಕೆನ್ನಿಸಿತು, ಅಷ್ಟೇ. ನೀನು ದಿಂಬು ಕೊಂಡುಬಿಡುತ್ತೀ ಎಂದು ಯೋಚಿಸಲಿಲ್ಲ.

ಟ್ರೈಲರ್ ರಾಯ್ಸ್ ಹೆಸರಿನಲ್ಲಿತ್ತು, ಹಾಗಾಗಿ ಕಾನೂನಿನಂತೆ ನನಗೆ ಬರಬೇಕಂತೆ. ವಕೀಲರು ಬರೆದುಕೊಟ್ಟದ್ದಕ್ಕೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಅದು ನಿನ್ನದು. ನಿಲ್ಲಿಸಲು ನೆಲ ಕೊಡುವ ಶಕ್ತಿ ನನಗಿಲ್ಲ.

ಧ್ವಜ ಕಳಿಸಬೇಡ. ಡೇಲ್‌ನ ಮನೆಯಲ್ಲಿ ಅದನ್ನಿಡಲು ಗೋಡೆಯಿಲ್ಲ.

ಒಂದು ಮಾತು ಮಾತ್ರ ನಿಜ ಹೇಳು. ಅವನು ನನ್ನನ್ನು ಒಂದು ಸಲವೂ ಕೇಳಲಿಲ್ಲವಾ?

ನಡೀನ್


ಹೆದ್ದಾರಿ ಬದಿ, ಫ್ಲಾರಿಡಾ
೧೧ ಏಪ್ರಿಲ್

ನಡೀನ್,

ಗೇಟಿನಿಂದ ಹನ್ನೆರಡು ಮೈಲಿ ದೂರದಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ಬಯಲಿನಲ್ಲಿ ಟ್ರೈಲರ್ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಬಂಕಿನವನು ನಾಳೆ ಬೆಳಿಗ್ಗೆವರೆಗೆ ಎಂದಿದ್ದಾನೆ. ಆಮೇಲೆ ಎರಡು ವಾರ ಕಾಡು. ಅದರ ಆಮೇಲಿನದಕ್ಕೆ ನನ್ನ ಬಳಿ ಹೆಸರಿಲ್ಲ.

ನಿನ್ನ ಪತ್ರ ಏಳಕ್ಕೆ ಸಿಕ್ಕಿತು. ಕೋಪಿಸಿಕೊಳ್ಳಲು ಕೂತೆ. ಕಾರಿಡಾರಿನ ಕುರ್ಚಿಯ ಹತ್ತಿರ ಬಂದಾಗ ಮುಂದೆ ಹೋಗಲಾಗಲಿಲ್ಲ. ನಿನ್ನನ್ನು ಅಲ್ಲಿ ಕೂರಿಸಿದವಳು ನಾನು. ಡೇಲ್‌ಗೆ ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತು ಬೇಕಾಯಿತು.

ನೀನು ಕೇಳಿದ ಒಂದು ಮಾತಿಗೆ ಉತ್ತರ. ಆವತ್ತು ಇನ್ನೊಂದು ದಿನ ಬರೆಯುತ್ತೇನೆ ಎಂದ ಉಳಿದರ್ಧವೂ ಇದೇ.

ಅವನು ಪ್ರತಿದಿನ ಕೇಳಿದ. ಮೊದಲ ಎರಡು ವರ್ಷ ‘ನಡೀನ್ ಎಲ್ಲಿ?’ ಎಂದು. ‘ಅಂಗಡಿಗೆ ಹೋಗಿದ್ದಾಳೆ’ ಎನ್ನುತ್ತಿದ್ದೆ. ಆಮೇಲೊಂದು ಸಂಜೆ ಕಹಳೆಗೆ ಎದ್ದು ನಿಂತವನು ನನ್ನ ಮೊಣಕೈ ಹಿಡಿದು, ‘ಬಂದ್ಯಾ ನಡೀನ್?’ ಎಂದ. ‘ನಾನು ಲಿನೆಟ್ ಕಣೋ ಅಣ್ಣಾ’ ಎಂದೆ. ಅವನ ಮುಖ ಬಾಡಿದ್ದನ್ನು ನೋಡಿದೆ. ಮರುದಿನ ಮತ್ತೆ ಕೇಳಿದ. ಆವತ್ತು, ‘ಬಂದೆ’ ಎಂದೆ.

ಅಲ್ಲಿಂದ ನಾನು ನಡೀನ್. ಏಳು ವರ್ಷ. ಆ ಹೆಸರಿಗೆ ಊಟ ಮಾಡುತ್ತಿದ್ದ, ಆ ಹೆಸರಿಗೆ ಮಾತ್ರೆ ನುಂಗುತ್ತಿದ್ದ. ಲಿನೆಟ್ ಎಂಬ ತಂಗಿ ಇದ್ದಳೆಂದು ಅವನಿಗೆ ಕೊನೆಕೊನೆಗೆ ನೆನಪಿರಲಿಲ್ಲ. ವಿಚ್ಛೇದನದ ಕಾಗದಕ್ಕೆ ಅವನ ಪರವಾಗಿ ಸಹಿ ಮಾಡಲು ಪೆನ್ನು ಹಿಡಿದರೆ, ನಾನೇ ಅವನನ್ನು ಬಿಟ್ಟುಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದೆ. ಕೊನೆಯ ಬೆಳಿಗ್ಗೆಯೂ ಕೇಳಿದ, ‘ನಡೀನ್, ಬಾಗಿಲು ಹಾಕಿದ್ಯಾ?’ ಎಂದು. ಹಾಕಿದ್ದೇನೆ ಎಂದೆ. ಅದೇ ಕೊನೆಯ ಮಾತು. ‘ಯಾರನ್ನೂ ಕೇಳಲಿಲ್ಲ’ ಎಂದು ನಿನಗೆ ಬರೆದದ್ದು ಸುಳ್ಳು. ಅದು ನಿನ್ನದಾಗಿತ್ತು, ನಾನು ಇಟ್ಟುಕೊಂಡೆ.

ಬೆಳಿಗ್ಗೆ ನೀರಿನ ಕೊಳವೆ ಬಿಚ್ಚಿದೆ, ವಿದ್ಯುತ್ತಿನ ತಂತಿ ಸುತ್ತಿಟ್ಟೆ. ಜಾಗದ ಸಂಖ್ಯೆಯ ಫಲಕವನ್ನು ವಿಲೆಟ್‌ಗೆ ಒಪ್ಪಿಸಿದೆ. ಕಾಯುತ್ತಿರುವವರ ಪಟ್ಟಿಯಲ್ಲಿ ನಲವತ್ತೊಂದು ಹೆಸರು ಇತ್ತು, ಎಲ್ಲರೂ ಅರ್ಹರು. ‘ಮೀನು ತಿನ್ನೋಕಾದ್ರೂ ನನ್ ಮನೆಗೆ ಬಾಮ್ಮಾ, ನನ್ ಮನೆ ಗೇಟಿನ ಹೊರಗೇ ಇದೆ’ ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ನೀರಿನ ಹತ್ತಿರ ಹೋಗಿ ನಿಂತೆ. ಒಳಗೆ ಬಂದು, ಹಗಲಾಗಿದ್ದರೂ ಲಾಟೀನು ಹಚ್ಚಿದೆ, ಆಮೇಲೆ ನಾನೇ ಊದಿ ಆರಿಸಿದೆ. ನಿನ್ನ ಸಾಲಿನಂತೆಯೂ ಆಯಿತು, ನನ್ನದರಂತೆಯೂ ಆಯಿತು. ಜಾಗ ಮಾತ್ರ ಯಾವ ಸಾಲಿಗೂ ದಕ್ಕಲಿಲ್ಲ.

ಪಿಕಪ್‌ನ ಕೀಲಿಕೈ ಹುಡುಕುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಹಾಲ್ವರ್ಸನ್. ಕೈಯಲ್ಲಿ ಕಾಗದದ ತಟ್ಟೆ, ಅದರ ಮೇಲೆ ಮನೆಯಲ್ಲೇ ಸುಟ್ಟು ಬಟ್ಟೆ ಮುಚ್ಚಿದ ಬಿಸಿ ಬಿಸ್ಕತ್ತು. ಕೊಂಡಿಗೆ ಸಿಕ್ಕಿಸಿದ ಟ್ರೈಲರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ. ನವೆಂಬರಿನಿಂದ ಪ್ರತಿ ಸಂಜೆ ರಾಯ್ಸ್‌ನ ಇನ್ನೊಂದು ಮೊಣಕೈ ಹಿಡಿದು, ಅವನು ನನ್ನನ್ನು ಕರೆಯುವುದನ್ನು ಕೇಳಿಸಿಕೊಂಡವರು. ಕಿವಿ ಮಂದವಾದವರು ಮಾತಾಡುವ ಹಾಗೆ ಗಟ್ಟಿಯಾಗಿ, ಅಕ್ಕಪಕ್ಕದ ಜಾಗದವರಿಗೆಲ್ಲ ಕೇಳುವಂತೆ ಹೇಳಿದರು:

‘ಇದೇನ್ರೀ ಮಿಸೆಸ್ ಪರ್ವಿಸ್, ಗಾಡಿ ಕಟ್ಟಿಬಿಟ್ಟಿದ್ದೀರಿ? ಹೋಗ್ಬೇಕು ಅಂತ ನಿಮಗ್ಯಾರು ಹೇಳಿದ್ರು? ವಿಧವೆಯನ್ನ ಇಲ್ಲಿಂದ ಏಳು ಅನ್ನೋಕೆ ಯಾರಿಗೂ ಹಕ್ಕಿಲ್ಲ. ಇನ್ನೊಂದು ಮದುವೆ ಆಗ್ದೇ ಇದ್ರೆ ಸಾಕು, ನಡೀನ್, ಸಾಯೋವರೆಗೂ ಈ ಜಾಗ ನಿಮ್ಮದೇ.’